ಫ್ರೆಂಚ್ ಕಾರಿಗೆ ಅಂಟಿದ ಅಪವಾದ

ಕಳೆದ ಯುಗಾದಿಯ ಕೂಟದಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಾಗ ನಡೆದ ಮಾತಿದು. ಗದಗಿನ ಕಡೆಯಿಂದ ಬಂದು ಇಲ್ಲಿಯೇ ಕೋಥರೂಡದ ಡಹಾಣೂಕರ ಕಾಲನಿಯಲ್ಲಿ ಮನೆ ಮಾಡಿರುವ ಒಬ್ಬ ತರುಣರು ಮೊದಲ ಕಾರು ಕೊಳ್ಳುವ ವಿಚಾರ ತೆಗೆದರು. ಗಂಡ ಹೆಂಡತಿ ಇಬ್ಬರೂ ದುಡಿದು ನಾಲ್ಕು ವರ್ಷ ಕೂಡಿಟ್ಟ ಹಣ. ಒಂದು ಫ್ರೆಂಚ್ ಕಂಪನಿಯ ಗಾಡಿ ನೋಡಿ ಬಂದಿದ್ದೇವೆ, ಒಳಗೆ ಕುಳಿತರೆ ಏಳಬೇಕೆನಿಸುವುದಿಲ್ಲ, ಬೆಲೆಯೂ ನಮ್ಮ ಅಳತೆಯದೇ ಎಂದರು. ಅವರ ಮಾತು ಮುಗಿದಿರಲಿಲ್ಲ, ನಾಲ್ಕೂ ಕಡೆಯಿಂದ ಉಪದೇಶ ಸುರುವಾಯಿತು. "ತಮ್ಮಾ, ಫ್ರೆಂಚ್ ಗಾಡೀ ಉಸಾಬರಿ ಬ್ಯಾಡ." "ಸೆಂಟು ಮಾಡೋ ಮಂದಿ ಎಂಜಿನ್ ಏನ್ ಮಾಡ್ಯಾರು?" "ನಮ್ಮ ಭಾವನ ಗೆಳೆಯಾ ಒಬ್ಬಾಂವ ತಗೊಂಡು ಕೆಟ್ಟಾನ." ಆ ಭಾವನ ಗೆಳೆಯ ಕೊಂಡದ್ದು ಯಾವ ಕಾರು, ಯಾವ ವರ್ಷದ್ದು, ಅದರಲ್ಲಿ ಕೆಟ್ಟದ್ದೇನು ಎಂದು ಕೇಳಿದರೆ ಯಾರಲ್ಲಿಯೂ ಉತ್ತರವಿರಲಿಲ್ಲ. ತರುಣರು ಸಪ್ಪಗೆ ಮುಖ ಮಾಡಿಕೊಂಡು ಎದ್ದು ಹೋದರು.

ಅಂದಿನಿಂದ ನಮಗೆ ಸಮಾಧಾನವಿಲ್ಲ. ಉಪದೇಶ ಮಾಡಿದವರಲ್ಲಿ ನಾವೂ ಒಬ್ಬರಾಗಿದ್ದೆವೆಂಬುದೇ ಅದಕ್ಕೆ ಕಾರಣ. ಅಂದು ಆಡಿದ್ದರಲ್ಲಿ ನಿಜವೆಷ್ಟು, ಅಪವಾದವೆಷ್ಟು ಎಂದು ಆಮೇಲೆ ಕುಳಿತು ಲೆಕ್ಕ ಹಾಕಿದಾಗ ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ. ಕಾರು ಎಂದರೆ ಪರಊರಿನಲ್ಲಿರುವ ನಮ್ಮಂಥವರಿಗೆ ಬರಿಯ ಷೋಕಿಯ ವಸ್ತುವಲ್ಲ. ಚಾಂದಣಿ ಚೌಕ ದಾಟಿ ಹೆದ್ದಾರಿ ಹಿಡಿದು, ಖಂಬಾಟಕಿ ಘಾಟು ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಹಿಂದೆ ಹಾಕಿ ಬೆಳಗಾವಿ ಮುಟ್ಟಿದರೆ ಅರ್ಧ ಜೀವ ಬಂದಂತೆ. ಊರಲ್ಲಿ ಮದುವೆಯಾಗಲಿ, ಮರಣವಾಗಲಿ, ಹೊಲದ ಪಾಲಾಗಲಿ, ತಾಯಿಯ ಕಣ್ಣಿನ ಆಪರೇಶನ್ ಆಗಲಿ, ಈ ದಾರಿಯೇ ಗತಿ. ಹೀಗಿರಲು ಕಾರಿನ ಗುಣದೋಷವನ್ನು ಹರಟೆಯಲ್ಲಿ ತೀರ್ಮಾನಿಸಿ ಕೈಬಿಡುವಂತಿಲ್ಲ.

ಮೊದಲು ಲೋಹದ ಮಾತು. ಫ್ರೆಂಚರಿಗೆ ಗಟ್ಟಿಯಾದ ಕಾರು ಮಾಡಲು ಬರುವುದಿಲ್ಲ ಎಂಬುದು ಶುದ್ಧ ಸುಳ್ಳು. 1948ರ ಅಕ್ಟೋಬರದಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಸಿಟ್ರೊಯೆನ್ ಕಂಪನಿ 2ಸಿವಿ ಎಂಬ ಸಣ್ಣ ಕಾರನ್ನು ತೋರಿಸಿತು. ಅದರ ಹಿಂದಿನ ಅಪೇಕ್ಷೆ ನಮ್ಮ ರೈತರಿಗೂ ಅರ್ಥವಾಗುವಂಥದು. ಇಬ್ಬರು ಒಕ್ಕಲಿಗರು, ಐವತ್ತು ಕಿಲೋ ಆಲೂಗಡ್ಡೆ ಹೇರಿಕೊಂಡು ಹೋಗಬೇಕು. ಉತ್ತ ಹೊಲದಲ್ಲಿ ಅಡ್ಡ ಹಾಯ್ದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಬಾರದು. ಎಂಜಿನ್ನು ಬರೇ 375 ಸಿಸಿ. ಪ್ಯಾರಿಸಿನ ಪತ್ರಿಕೆಯವರು ನೋಡಿ ನಕ್ಕರು. ಒಕ್ಕಲಿಗರು ನಗಲಿಲ್ಲ, ಸಾಲಿನಲ್ಲಿ ನಿಂತು ಕೊಂಡರು. 1990ರ ವರೆಗೆ, ಎಂದರೆ ನಲವತ್ತೆರಡು ವರ್ಷ, ಆ ಕಾರು ತಯಾರಾಗುತ್ತಲೇ ಇತ್ತು. 38 ಲಕ್ಷಕ್ಕೂ ಮಿಕ್ಕಿ ಗಾಡಿಗಳು ಹೊರಬಂದವು. ಊರಿಂದ ಹೊರಡುವಾಗ ಒಂದು ಚೀಲ ಜೋಳ, ಬ್ಯಾಡಗಿ ಮೆಣಸಿನಕಾಯಿಯ ಗಂಟು, ಉಪ್ಪಿನಕಾಯಿಯ ಭರಣಿ ತುಂಬಿಕೊಂಡು ಬರುವ ನಮಗೆ ಆ ಮೊಟ್ಟೆಯ ಬುಟ್ಟಿಯ ವಿಚಾರ ಮಾಡಿದವರ ಮೇಲೆ ಗೌರವ ಹುಟ್ಟದೆ ಇರದು.

ಅದೇ ಕಂಪನಿ 1934ರಷ್ಟು ಹಿಂದೆಯೇ ಮುಂದಿನ ಗಾಲಿಗಳಿಂದ ಎಳೆಯುವ, ಕೆಳಗೆ ಬೇರೆ ಚೌಕಟ್ಟಿಲ್ಲದ ಕಾರನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿತ್ತು. ಇಂದು ನಮ್ಮ ಓಣಿಯಲ್ಲಿ ನಿಂತಿರುವ ಸಣ್ಣ ಕಾರುಗಳೆಲ್ಲ ಬಹುತೇಕ ಅದೇ ಪದ್ಧತಿಯವು. ಆ ಸಾಹಸದ ಖರ್ಚಿನಲ್ಲಿಯೇ ಕಂಪನಿ ದಿವಾಳಿಯಾಗಿ ಟೈರು ಮಾಡುವ ಮಿಶೆಲಿನ್‌ನ ಕೈಗೆ ಹೋಯಿತೆಂಬುದು ಬೇರೆ ಮಾತು. 1955ರಲ್ಲಿ ಬಂದ ಡಿಎಸ್ ಕಾರಿನಲ್ಲಿ ಸ್ಪ್ರಿಂಗಿನ ಬದಲು ಎಣ್ಣೆ ಮತ್ತು ಅನಿಲದ ಒತ್ತಡದ ಮೇಲೆ ಗಾಡಿ ತೇಲುತ್ತಿತ್ತು. 1962ರ ಆಗಸ್ಟ್ 22ರಂದು ಅಧ್ಯಕ್ಷ ದ ಗೋಲ್ ಅವರ ಮೇಲೆ ಗುಂಡಿನ ಮಳೆ ಸುರಿದಾಗ, ಟೈರು ಹರಿದರೂ ಚಾಲಕ ಅವರನ್ನು ಪಾರುಮಾಡಿಕೊಂಡು ಹೋದದ್ದು ಆ ಡಿಎಸ್‌ನಲ್ಲಿಯೇ.

ಇದೆಲ್ಲ ಸಾತ ಸಮುದ್ರದಾಚೆಯ ಕತೆ ಎನ್ನಬಹುದು. ಹಾಗಾದರೆ ನಮ್ಮ ಮಹಾರಾಷ್ಟ್ರದ ಇಗತಪುರಿಗೆ ಬನ್ನಿ. ಮಹೀಂದ್ರ ಕಂಪನಿ 1979ರಲ್ಲಿ ಪ್ಯೂಜೋದಿಂದ ಪರವಾನಿಗೆ ಪಡೆದು ಅವರ ಡೀಸೆಲ್ ಎಂಜಿನನ್ನು ಇಲ್ಲಿ ತಯಾರಿಸತೊಡಗಿತು. ನಮ್ಮ ಹಳ್ಳಿಗಳಲ್ಲಿ ಹದಿನೈದು ಮಂದಿಯನ್ನು ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ಜೀಪುಗಳ ಹೊಟ್ಟೆಯಲ್ಲಿ ಗುಡುಗುತ್ತಿದ್ದುದು ಎಷ್ಟೋ ಸಲ ಈ ಫ್ರೆಂಚ್ ಎಂಜಿನ್ನೇ. ಇನ್ನೂ ಒಂದು ಮಾತು. ಮಾರುತಿ ಜೆನ್ ಹಾಗೂ ಎಸ್ಟೀಮ್ ಗಾಡಿಗಳ ಡೀಸೆಲ್ ಮಾದರಿಯಲ್ಲಿ ಕೂಡಿಸಿದ 1527 ಸಿಸಿಯ ಎಂಜಿನ್ನು ಪ್ಯೂಜೋದ್ದು. "ಮಾರುತಿ ಎಂದರೆ ಮಾರುತಿ, ಫ್ರೆಂಚ್ ಗಾಡಿ ಬ್ಯಾಡ" ಎಂದು ಅಂದು ಮೀಸೆ ತಿರುವಿದ ನಮ್ಮ ಹಿರಿಯ ಸದಸ್ಯರೊಬ್ಬರು ಹದಿಮೂರು ವರ್ಷ ಓಡಿಸಿದ್ದು ಅಂಥದೇ ಡೀಸೆಲ್ ಜೆನ್. ಆ ಎಂಜಿನ್ನಿನ ಆಯುಷ್ಯವನ್ನು ಅವರು ಇಂದಿಗೂ ಹೊಗಳುತ್ತಾರೆ. ಅದು ಯಾರ ಎಂಜಿನ್ನೆಂದು ಈ ಲೇಖನದಿಂದ ತಿಳಿದು ಅವರು ನಮ್ಮ ಮೇಲೆ ಸಿಟ್ಟಾಗಬಾರದೆಂದು ಪ್ರಾರ್ಥನೆ.

ಹಾಗಾದರೆ ಕೆಟ್ಟ ಹೆಸರು ಬಂದದ್ದೆಲ್ಲಿಂದ? ಎರಡು ಖಂಡಗಳ ಕತೆಯನ್ನು ಒತ್ತಟ್ಟಿಗಿಟ್ಟು ನೋಡೋಣ. ರೆನೋ ಕಂಪನಿಯ ಡೋಫಿನ್ ಕಾರು 1956ರಲ್ಲಿ ಹುಟ್ಟಿ ಅಮೆರಿಕೆಗೆ ಹೋಯಿತು. ಅಗ್ಗವೆಂದು ಜನ ಮೊದಲು ಮುಗಿಬಿದ್ದರು. ಅಲ್ಲಿಯ ಉದ್ದುದ್ದ ಹೆದ್ದಾರಿಗೆ ಎಂಜಿನ್ನಿನ ಶಕ್ತಿ ಸಾಲದಾಯಿತು, ತಗಡು ತುಕ್ಕು ಹಿಡಿಯಿತು, ರಿಪೇರಿಗೆ ಒಯ್ದರೆ ಬಿಡಿಭಾಗವಿಲ್ಲ, ಬಲ್ಲ ಮಿಸ್ತ್ರಿಯಿಲ್ಲ. ಐವತ್ತು ವರ್ಷದ ಮೇಲೆ, 2007ರಲ್ಲಿ, ಟೈಮ್ ಪತ್ರಿಕೆ ಜಗತ್ತಿನ ಐವತ್ತು ಅತಿ ಕೆಟ್ಟ ಕಾರುಗಳ ಪಟ್ಟಿ ಮಾಡಿದಾಗಲೂ ಡೋಫಿನ್ನನ್ನು ಮರೆಯಲಿಲ್ಲ. ಮುಂದೆ ರೆನೋ 1987ರಲ್ಲಿ, ಪ್ಯೂಜೋ 1991ರಲ್ಲಿ ಅಮೆರಿಕೆಯಿಂದ ಗಂಟುಮೂಟೆ ಕಟ್ಟಿದವು.

ಈಗ ಆಫ್ರಿಕಾಕ್ಕೆ ಹೋಗಿ. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಎಂದರೆ ಕೆಸರು, ಧೂಳು, ಕಲ್ಲು, ಹಳ್ಳಗಳ ಸಾವಿರಾರು ಮೈಲಿನ ಓಟ. ಅದನ್ನು ಪ್ಯೂಜೋ 404 ನಾಲ್ಕು ಸಲ ಗೆದ್ದಿತು, 1963ರಲ್ಲಿ ಹಾಗೂ 1966ರಿಂದ 1968ರ ವರೆಗೆ ಸತತವಾಗಿ. ಅದರ ತಮ್ಮ 504 ಮಾದರಿ 1975 ಮತ್ತು 1978ರಲ್ಲಿ ಗೆದ್ದಿತು. ನೈಜೀರಿಯಾದ ಕಡೂನಾದಲ್ಲಿ, ಕೀನ್ಯಾದಲ್ಲಿ ಅವನ್ನು ಜೋಡಿಸುವ ಕಾರಖಾನೆಗಳೇ ಇದ್ದವು. ಟ್ಯಾಕ್ಸಿಯಾಗಿ, ಹೆಣದ ಗಾಡಿಯಾಗಿ, ಮದುವೆಯ ದಿಬ್ಬಣವಾಗಿ, ಬಾಳೆಗೊನೆ ಹೊರುವ ಲಾರಿಯಾಗಿ ಆ ಕಾರು ಬದುಕಿತು. ಅಲ್ಲಿ ಪ್ಯೂಜೋ ಎಂದರೆ ಗಟ್ಟಿತನಕ್ಕೆ ಇನ್ನೊಂದು ಹೆಸರು. ಒಂದೇ ದೇಶದ ಎಂಜಿನಿಯರರು, ಒಂದೇ ಬಗೆಯ ಕಬ್ಬಿಣ. ಒಂದು ಕಡೆ ಛೀಮಾರಿ, ಒಂದು ಕಡೆ ಜಯಘೋಷ. ಡೋಫಿನ್ನಿಗಿಂತ 504 ಒಳ್ಳೆಯ ಕಾರೆಂಬುದನ್ನು ಒಪ್ಪೋಣ. ಆದರೆ ಅದಷ್ಟೇ ಕಾರಣವಲ್ಲ. ಆಫ್ರಿಕಾದ ಸಣ್ಣ ಊರಿನಲ್ಲಿಯೂ 504ರ ಬಿಡಿಭಾಗ ಸಿಗುತ್ತಿತ್ತು, ಮರದ ಕೆಳಗೆ ಕುಳಿತ ಮಿಸ್ತ್ರಿಗೂ ಅದರ ಒಳಹೊರಗು ಗೊತ್ತಿತ್ತು. ಅಮೆರಿಕೆಯಲ್ಲಿ ಮಾರಿದವರು ಬೆನ್ನಿಗೆ ನಿಲ್ಲಲಿಲ್ಲ.

ನಮ್ಮ ದೇಶದಲ್ಲಿ ನಡೆದದ್ದೂ ಇದೇ. ಪ್ರೀಮಿಯರ್ ಆಟೊಮೊಬೈಲ್ಸ್ ಎಂದರೆ ಪದ್ಮಿನಿ ಕಾರು ಮಾಡಿದ ಮನೆತನ. ಆ ಕಂಪನಿ 1990ರ ದಶಕದ ನಡುವೆ ಪ್ಯೂಜೋ ಜತೆ ಕೂಡಿ ಕಲ್ಯಾಣದ ಕಾರಖಾನೆಯಲ್ಲಿ 309 ಎಂಬ ಕಾರು ಮಾಡಿತು. ಖಡ್ಡೆಯಲ್ಲಿ ಬಿದ್ದರೂ ಮೈ ಅಲುಗದ ಗಾಡಿ. ಡೀಸೆಲ್ಲಿನದಂತೂ ಎಣ್ಣೆಯ ವಿಷಯದಲ್ಲಿ ಬಲು ಮಿತವ್ಯಯಿ. ಆದರೆ ಕಾರಖಾನೆಯಲ್ಲಿ ಕಾರ್ಮಿಕರ ತಂಟೆ ಎದ್ದಿತು. ಇತ್ತ ಪ್ರೀಮಿಯರದವರು ಫಿಯಾಟ್ ಜತೆಗೂ ಕೈಜೋಡಿಸಿದ್ದರಿಂದ ಪಾಲುದಾರರಲ್ಲಿ ವಿರಸ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಯಜಮಾನರು ಪ್ಯಾರಿಸಿಗೆ ಮರಳಿದರು; ಕೊಂಡವರು ಬೋನೆಟ್ಟು ತೆರೆದುಕೊಂಡು ರಸ್ತೆಯ ಬದಿಯಲ್ಲಿ ಉಳಿದರು. ಈ ಕೋಥರೂಡದ ಓಣಿಗಳಲ್ಲಿಯೇ ನಾವು ಹೊದಿಕೆ ಹೊದ್ದು ವರ್ಷಗಟ್ಟಲೆ ನಿಂತ 309 ಕಾರುಗಳನ್ನು ಕಂಡಿದ್ದೇವೆ. "ಫ್ರೆಂಚ್ ಗಾಡಿ ಬ್ಯಾಡ" ಎಂಬ ಮಾತು ಹುಟ್ಟಿದ್ದು ಆ ಹೊದಿಕೆಯ ಕೆಳಗೆ ಎಂದು ನಮ್ಮ ಊಹೆ. ಅಲ್ಲಿ ಸತ್ತದ್ದು ಎಂಜಿನ್ನಲ್ಲ, ಮಾರಿದವನ ಮಾತು.

ಅದೇ ಕಂಪನಿ 2011ರಲ್ಲಿ ಗುಜರಾತಿನ ಸಾಣಂದದಲ್ಲಿ ಕಾರಖಾನೆ ಕಟ್ಟುವೆನೆಂದು ಸಾರಿ, ಮರುವರ್ಷವೇ ಅದನ್ನು ಕೈಬಿಟ್ಟಿತು. 2017ರಲ್ಲಿ ನಮ್ಮ ಅಂಬಾಸಡರ್ ಕಾರಿನ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರು ಕೊಂಡು ಇಟ್ಟುಕೊಳ್ಳುವುದು ಸುಲಭ, ಹೆಸರು ಗಳಿಸುವುದು ಕಷ್ಟ. ರೆನೋದವರು ಮಹೀಂದ್ರರ ಜತೆ ನಾಸಿಕದಲ್ಲಿ 2007ರಿಂದ ಲೋಗನ್ ಕಾರು ಮಾಡಿ, 2010ರಲ್ಲಿ ಪಾಲುದಾರಿಕೆ ಬಿಟ್ಟರು. ಆದರೆ ಮಹೀಂದ್ರರು ಅದೇ ಕಾರನ್ನು ವೆರಿಟೊ ಎಂದು ಹೆಸರು ಬದಲಿಸಿ ನಡೆಸಿಕೊಂಡು ಬಂದರು, ಬಿಡಿಭಾಗ ಸಿಗುತ್ತ ಹೋದವು. ಮತ್ತೆ ನೋಡಿ, ಟ್ಯಾಕ್ಸಿಯವರು ಅದನ್ನು ದಣಿವಿಲ್ಲದೆ ಓಡಿಸಿದರು! ಕಾರು ಅದೇ, ಬೆನ್ನಿಗೆ ನಿಂತವರು ಬೇರೆ.

ಬಿಟ್ಟುಹೋಗುವ ಚಾಳಿ ಫ್ರೆಂಚರದೊಂದೇ ಎನ್ನಲು ಪುಣೆಯವರಾದ ನಮಗೆ ಬಾಯಿಲ್ಲ. ತಳೇಗಾಂವದಲ್ಲಿ ಅಷ್ಟು ದೊಡ್ಡ ಕಾರಖಾನೆ ಕಟ್ಟಿದ ಅಮೆರಿಕೆಯ ಜನರಲ್ ಮೋಟರ್ಸ್ 2017ರಲ್ಲಿ ಭಾರತದಲ್ಲಿ ಷೆವರ್ಲೆ ಮಾರುವುದನ್ನು ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಆದರೂ "ಅಮೆರಿಕನ್ ಗಾಡಿ ಬ್ಯಾಡ" ಎಂದು ನಮ್ಮ ಕೂಟದಲ್ಲಿ ಯಾರೂ ಅನ್ನಲಿಲ್ಲ. ಅಮೆರಿಕೆಯಲ್ಲಿ ನಮ್ಮ ಮಕ್ಕಳಿದ್ದಾರೆ, ಅದಕ್ಕಿರಬೇಕು.

ಇಷ್ಟು ಹೇಳಿದ ಮೇಲೆ ಫ್ರೆಂಚರ ವಕಾಲತ್ತು ವಹಿಸಿದ್ದೇವೆಂದು ಯಾರೂ ತಿಳಿಯಬಾರದು. ಅವರ ನಿಜವಾದ ತಪ್ಪುಗಳೂ ಇವೆ. ರೆನೋದ ಎರಡನೆಯ ಲಗೂನಾ ಕಾರು 2001ರಲ್ಲಿ ಯುರೋಪಿನ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊಟ್ಟಮೊದಲ ಕಾರು. ಅದೇ ಕಾರು ವಿದ್ಯುತ್ ತಂತಿಗಳ, ಕೀಲಿಕಾರ್ಡಿನ ಕಾಟದಿಂದ ಕೊಂಡವರನ್ನು ಗೋಳಾಡಿಸಿ ಅಲ್ಲಿಯ ಪೇಟೆಯಲ್ಲಿ ಕಂಪನಿಯ ಮಾನ ಕಳೆಯಿತು. ಇದಕ್ಕಿಂತ ನಮ್ಮನ್ನು ಕೆರಳಿಸುವುದು ಇನ್ನೊಂದು. ತನ್ನ ಮನೆಯವರಿಗೆ ಐದು ನಕ್ಷತ್ರದ ಗಾಡಿ ಮಾಡಬಲ್ಲ ಆ ಕಂಪನಿಯ ಕ್ವಿಡ್ ನಮ್ಮಲ್ಲಿಗೆ ಬಂದಾಗ 2016ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ತೆಗೆದುಕೊಂಡಿತು. 2024ರಲ್ಲಿ ಸಿಟ್ರೊಯೆನ್ನಿನ ವಿದ್ಯುತ್ ಸಿ3 ಕೂಡ ಸೊನ್ನೆಯೇ. 2014ರಲ್ಲಿ ಮಾರುತಿ ಆಲ್ಟೊ ಮೊದಲಾದ ಬೇರೆ ಕಾರುಗಳಿಗೂ ಸೊನ್ನೆ ಬಂದದ್ದುಂಟು. ಆದರೆ ನೆರೆಮನೆಯವನ ತಪ್ಪಿನಿಂದ ಇವನದು ಒಪ್ಪಾಗುವುದಿಲ್ಲ. ಕೊಳ್ಳುವವರು ಕೇಳತೊಡಗಿದರೆ ಇವರಿಗೆ ಒಳ್ಳೆಯದನ್ನು ಮಾಡಲು ಬರುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ರೆನೋ ಟ್ರೈಬರ್ 2021ರಲ್ಲಿ, ಸಿಟ್ರೊಯೆನ್ ಬಸಾಲ್ಟ್ 2024ರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಗಳಿಸಿದವು. 2012ರಲ್ಲಿ ಬಂದ ಡಸ್ಟರ್ ಗಾಡಿಯನ್ನು ಘಾಟಿನ ದಾರಿಯಲ್ಲಿ ಓಡಿಸಿದವರು ಯಾರೂ ಅದರ ಎಂಜಿನ್ನನ್ನು ಬೈದದ್ದನ್ನು ನಾವು ಕೇಳಿಲ್ಲ. ರೆನೋ ಇಲ್ಲಿಯೇ ನಿಂತು, 2025ರಲ್ಲಿ ಚೆನ್ನೈ ಕಾರಖಾನೆಯಲ್ಲಿದ್ದ ನಿಸ್ಸಾನಿನ ಪಾಲನ್ನೂ ತಾನೇ ಕೊಂಡಿದೆ. ಹೀಗೆ ಊರಿಬಿಟ್ಟವನನ್ನೂ ಓಡಿಹೋದವನನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ನ್ಯಾಯವಲ್ಲ. (ಅಂದ ಹಾಗೆ ಅದು ರೆನಾಲ್ಟ್ ಅಲ್ಲ, ರೆನೋ. ಬೈಯುವಾಗಲಾದರೂ ಹೆಸರು ಸರಿಯಾಗಿ ಹೇಳೋಣ.)

ಇನ್ನು ನಮ್ಮ ಮನೆಯ ಕತೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲೊಂದು ಗಾಡಿಯಿತ್ತು. ಯಾವ ದೇಶದ್ದು, ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಧಾರವಾಡದಲ್ಲಿ ನಮ್ಮ ಅತ್ತಿಗೆಯವರ ಹೊಟ್ಟೆಯ ಆಪರೇಶನ್ ನಿಕ್ಕಿಯಾಗಿತ್ತು. ಅದಕ್ಕೂ ಮುಂಚೆ ಅವರ ಪಕ್ಕದಲ್ಲಿರಬೇಕೆಂದು ನಸುಕಿನ ನಾಲ್ಕಕ್ಕೇ ಹೊರಟೆವು. ಕರಾಡ ದಾಟಿ ಪೇಠ ನಾಕಾದ ಹತ್ತಿರ ಕ್ಲಚ್ ಪೆಡಲ್ ಒತ್ತಿದ್ದು ತಳಕ್ಕೆ ಹೋಗಿ ಅಲ್ಲಿಯೇ ಕುಳಿತುಬಿಟ್ಟಿತು. ರಸ್ತೆ ಬದಿಯ ಮಿಸ್ತ್ರಿ ಗಾಡಿಯ ಕೆಳಗೆ ತೂರಿ ಹೊರಬಂದು, ಕೈ ಒರೆಸಿಕೊಳ್ಳುತ್ತ, "ಗಾಡೀ ಚಾಂಗಲೀ ಆಹೆ ಸಾಹೇಬ, ಪಣ ಪಾರ್ಟ ಕುಠೂನ ಆಣೂ?" ಎಂದ. ಗಾಡಿ ಒಳ್ಳೆಯದೇ, ಭಾಗ ಎಲ್ಲಿಂದ ತರಲಿ? ಅಂಗೈಯಗಲದ ಒಂದು ಸಿಲಿಂಡರು, ಒಳಗೆ ರಬ್ಬರಿನ ಒಂದು ಬಳೆ. ಕೊಲ್ಹಾಪುರದಲ್ಲಿ ಇಲ್ಲ, ಪುಣೆಯಲ್ಲಿಯೂ ಇಲ್ಲ. ನಾವು ಗಾಡಿಯನ್ನು ಅಲ್ಲಿಯೇ ಬಿಟ್ಟು, ಬಸ್ಸಿನ ಮೇಲೆ ಬಸ್ಸು ಬದಲಿಸಿ ಧಾರವಾಡ ಮುಟ್ಟಿದಾಗ ಅತ್ತಿಗೆಯವರನ್ನು ಆಪರೇಶನ್ ಮುಗಿಸಿ ಹೊರಗೆ ತಂದಾಗಿತ್ತು. "ನೀವು ಬರೂದಿಲ್ಲೇನೋ ಅನ್ಕೊಂಡೆ ನೋಡ್ರಿ" ಎಂದರು, ಅಷ್ಟೇ. ದೇವರ ದಯದಿಂದ ಎಲ್ಲ ಸುಸೂತ್ರವಾಯಿತು. ಗಾಡಿಯನ್ನು ಪುಣೆಗೆ ಹೇರಿಸಿ ತಂದು ಕಾದೆವು. ಆ ಭಾಗ ಬರಲು ಹತ್ತೊಂಬತ್ತು ದಿನ ಹಿಡಿದವು. ಬೆಲೆ ಎರಡು ಸಾವಿರವೂ ಇರಲಿಲ್ಲ.

ನಮ್ಮ ಮನೆಯ ಮಾಳಿಗೆಯಿಂದ ವೇತಾಳ ಟೇಕಡಿ ಕಾಣುತ್ತದೆ. ಅದರ ಮೈಮೇಲಿರುವ ಎಆರ್‌ಎಐ ಸಂಸ್ಥೆ 1966ರಲ್ಲಿ ಸ್ಥಾಪನೆಯಾದದ್ದು. ವಾಹನಗಳ ಸಂಶೋಧನೆ, ಪರೀಕ್ಷೆ ಅದರ ಕೆಲಸ. ಇಡೀ ದೇಶದ ಕಾರು ಜಾಹೀರಾತುಗಳಲ್ಲಿ "ಎಆರ್‌ಎಐ ಪ್ರಮಾಣಿತ" ಎಂದು ಮೈಲೇಜಿನ ಅಂಕಿ ಅಚ್ಚಾಗುತ್ತದಲ್ಲ, ಅದು ನಮ್ಮ ಕೋಥರೂಡದ ಈ ಗುಡ್ಡದ ಹೆಸರು. ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದನ್ನು ದಶಾಂಶದ ಎರಡು ಸ್ಥಾನದ ವರೆಗೆ ಅಳೆದು ಹೇಳುತ್ತಾರೆ. ಒಳ್ಳೆಯದು. ಒಂದು ಕ್ಲಚ್ ಸಿಲಿಂಡರಿಗೆ ಎಷ್ಟು ದಿನ ಕಾಯಬೇಕೆಂಬುದನ್ನು ಯಾರೂ ಅಳೆಯುವುದಿಲ್ಲ. ಜಾಹೀರಾತಿನಲ್ಲಿ ಅಂಥ ಅಂಕಿ ಯಾಕಿಲ್ಲ? ಈ ಮಾದರಿ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಸಿಗುತ್ತವೆ, ಬೆಳಗಾವಿಯಲ್ಲಿ ವರ್ಕ್‌ಶಾಪು ಉಂಟೋ ಇಲ್ಲವೋ, ಹೊರಗಿನ ಮಿಸ್ತ್ರಿಗೆ ರಿಪೇರಿಯ ಪುಸ್ತಕ ಕೊಡುತ್ತೀರೋ ಇಲ್ಲವೋ, ಇವನ್ನು ಬರೆದು ಸಹಿ ಮಾಡಿ ಕೊಡಲು ಯಾಕೆ ಹಿಂಜರಿಯಬೇಕು?

ಇದನ್ನು ಕೇಳುವುದು ಅತಿಯಾಸೆಯಲ್ಲ. ಆ ಫ್ರಾನ್ಸಿನಲ್ಲಿಯೇ 2017ರಿಂದ ಗ್ಯಾರೇಜಿನವರು ಗಿರಾಕಿಗೆ ಹಳೆಯ ಗಾಡಿಯಿಂದ ತೆಗೆದ ಬಿಡಿಭಾಗವನ್ನೂ ತೋರಿಸಿ ಬೇಕೋ ಬೇಡವೋ ಕೇಳಬೇಕೆಂಬ ಕಾಯಿದೆಯಿದೆ. 2021ರಿಂದ ಅಲ್ಲಿ ಬಟ್ಟೆ ಒಗೆಯುವ ಯಂತ್ರ, ಟಿವಿ, ಮೊಬೈಲುಗಳ ಮೇಲೆ ರಿಪೇರಿ ಎಷ್ಟು ಸುಲಭವೆಂದು ಹತ್ತಕ್ಕೆ ಇಷ್ಟು ಅಂಕವೆಂದು ಬರೆಯಲು ಸುರುಮಾಡಿದರು. ಅಲ್ಲಿಯ ಎಣ್ಣೆಯಲ್ಲಿ ಮುಳುಗಿ ತಿರುಗುವ ಪಟ್ಟಿಯ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಆ ಪಟ್ಟಿ ಬೇಗ ಸವೆಯತೊಡಗಿದಾಗ, ಪ್ಯೂಜೋ, ಸಿಟ್ರೊಯೆನ್‌ಗಳ ಒಡೆಯರಾದ ಸ್ಟೆಲಾಂಟಿಸ್ 2024ರಲ್ಲಿ ಯುರೋಪಿನ ಗಿರಾಕಿಗಳಿಗೆ ಹತ್ತು ವರ್ಷ ಅಥವಾ 1,75,000 ಕಿಲೋಮೀಟರಿನ ವರೆಗೆ ಹೊಣೆ ಹೊತ್ತಿತು. ಅಲ್ಲಿಯ ಗಿರಾಕಿ ಗಂಟಲು ತೆಗೆದು ಕೇಳಿದ, ಸಿಕ್ಕಿತು. ನಮ್ಮಲ್ಲಿ ಕೇಂದ್ರ ಸರಕಾರ 2022ರ ಜುಲೈದಲ್ಲಿ ರಿಪೇರಿಯ ಹಕ್ಕಿನ ಸಮಿತಿ ನೇಮಿಸಿ, ಆ ಡಿಸೆಂಬರ್ 24ಕ್ಕೆ ಮಾಹಿತಿಯ ತಾಣವೊಂದನ್ನು ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೇಠ ನಾಕಾದಲ್ಲಿ ನಿಂತವನಿಗೆ ಮಾಹಿತಿಯಿಂದ ಗೇರು ಬೀಳುವುದಿಲ್ಲ.

ಮತ್ತೆ ನಮ್ಮ ತಪ್ಪಿಗೆ ಬರೋಣ. ನಾವು ಶೋರೂಮಿಗೆ ಹೋಗಿ ಸೀಟಿನ ಬಟ್ಟೆ ಸವರುತ್ತೇವೆ, ಬಣ್ಣ ಆರಿಸುತ್ತೇವೆ, ನೆಲದ ಹಾಸು ಪುಕ್ಕಟೆ ಕೊಡಿರೆಂದು ಹಟ ಹಿಡಿಯುತ್ತೇವೆ. ಬಿಡಿಭಾಗದ ಮಾತೆತ್ತುವುದಿಲ್ಲ. ಆಮೇಲೆ ಕೂಟದಲ್ಲಿ ಕುಳಿತು ಒಂದು ಇಡೀ ದೇಶಕ್ಕೆ ಹೆಸರಿಡುತ್ತೇವೆ. ಇದು ಕಂಪನಿಗಳಿಗೆ ಬಲು ಅನುಕೂಲ. ತಪ್ಪು ಫ್ರಾನ್ಸಿನದಾದರೆ ಮಾರಿದವನ ಕೊರಳಪಟ್ಟಿ ಹಿಡಿಯುವವರು ಯಾರು?

ಮೊನ್ನೆ ಭಾನುವಾರ ನಾವು ಆ ತರುಣರ ಮನೆಗೆ ಹೋಗಿ ಅಂದಿನ ಮಾತಿಗೆ ಕ್ಷಮೆ ಕೇಳಿ ಬಂದೆವು. ಅವರ ಮಡದಿ ಗಿರಮಿಟ್ಟು ಮಾಡಿದ್ದರು. ಬಿಡಿಭಾಗದ ಪ್ರಶ್ನೆಗಳನ್ನು ಆ ತಾಯಿಯೇ ಒಂದು ಕಾಗದದ ಮೇಲೆ ಬರೆದುಕೊಂಡು, ಫ್ರೆಂಚ್ ಗಾಡಿಯ ಅಂಗಡಿಗಷ್ಟೇ ಅಲ್ಲ, ಇನ್ನೆರಡು ಅಂಗಡಿಗಳಿಗೂ ಒಯ್ದು ಕೊಟ್ಟಿದ್ದಾರೆ. ಬಾಯಿಮಾತಿನ ಉತ್ತರ ಮೂರೂ ಕಡೆ ಸಿಕ್ಕಿದೆ. ಬರೆದು ಕೊಟ್ಟವರು ಈ ಲೇಖನ ಅಚ್ಚಿಗೆ ಹೋಗುವ ವರೆಗೆ ಯಾರೂ ಇಲ್ಲ. ಕಾಯುತ್ತೇವೆ ಕಾಕಾ, ಅವಸರವಿಲ್ಲ ಎಂದರು.

ಸಂಘದ ವಾಚನಾಲಯದಲ್ಲಿ, ಪತ್ರಿಕೆಗಳ ಮೇಜಿನ ಎಡಗಡೆಗೆ, ಒಂದು ನೂರು ಪುಟದ ವಹಿ ಇಟ್ಟಿದ್ದೇವೆ. ಯಾವ ದೇಶದ ಕಾರಾದರೂ ಸರಿ, ನಿಮ್ಮ ಗಾಡಿಯ ಮಾದರಿ, ಕೆಟ್ಟ ಭಾಗ, ಕಾದ ದಿನಗಳು, ಕೊಟ್ಟ ಹಣ, ಇವನ್ನು ಬರೆದು ಹೋಗಿರಿ. ಭಾವನ ಗೆಳೆಯನ ಗಾಡಿಯದು ಬೇಡ, ಸ್ವಂತದ್ದು. ಮೊದಲ ಪುಟದಲ್ಲಿ ನಮ್ಮ ಹತ್ತೊಂಬತ್ತು ದಿನಗಳಿವೆ.